ಸಹಾಯ ಬೇಕು: ಫೈಬರ್ ಬಂದ ಮೇಲೆ ನಮ್ಮ ಸೊಸೈಟಿಯ ಸಾಫ್ಟ್‌ವೇರ್ ನಿಧಾನವಾಗಿದೆ

ನಮಸ್ಕಾರ. ಉಡುಪಿಯ ಒಂದು ಸಹಕಾರಿ ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಕುಂದಾಪುರ, ಕಾರ್ಕಳ, ಮಲ್ಪೆಯಲ್ಲಿ ಶಾಖೆಗಳಿವೆ. ಮೊದಲು ಪ್ರತಿ ಶಾಖೆಗೂ ಅದರದ್ದೇ ಡೇಟಾಬೇಸ್ ಇತ್ತು. ರಾತ್ರಿ ಲೆಕ್ಕ ಉಡುಪಿಗೆ ಬರುತ್ತಿತ್ತು. ಎಲ್ಲ ಕಡೆ ಫೈಬರ್ ಬಂತಲ್ಲ ಅಂತ ಎಲ್ಲವನ್ನೂ ಮುಂಬೈಯ ಒಂದೇ ಸರ್ವರ್‌ಗೆ ಹಾಕಿದೆವು.

ಈಗ ಒಂದು ಖಾತೆ ತೆರೆದು ನೋಡಲು 4 ಸೆಕೆಂಡ್ ಬೇಕು. ಲೈನನ್ನು 100 ಎಂಬಿಪಿಎಸ್‌ನಿಂದ 300ಕ್ಕೆ ಏರಿಸಿದರೂ ಚೂರೂ ಬದಲಾಗಲಿಲ್ಲ. ಲಾಗ್ ತೆಗೆದು ನೋಡಿದೆ. ಆ ಒಂದು ಪುಟಕ್ಕೆ ಸುಮಾರು 200 ಸಣ್ಣ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಒಂದರ ಹಿಂದೆ ಒಂದು ಹೋಗುತ್ತಿವೆ! ಒಂದೊಂದು ಮುಂಬೈಗೆ ಹೋಗಿ ಬರಲು 20 ಮಿಲಿಸೆಕೆಂಡ್, ಅಲ್ಲಿಗೇ 4 ಸೆಕೆಂಡ್ ಆಯಿತು. ಲೈನ್ ಎಷ್ಟು ದೊಡ್ಡದಾದರೂ ಫೈಬರ್‌ನಲ್ಲಿ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಅಷ್ಟೇ, ಅಲ್ವಾ? ಜಾಸ್ತಿ ಸ್ಪೀಡ್ ತೆಗೆದುಕೊಂಡರೆ ದೂರ ಕಡಿಮೆಯಾಗುವುದಿಲ್ಲ.

ಮೊದಲು ಕ್ವೆರಿಗಳನ್ನು ಒಟ್ಟು ಸೇರಿಸಿ ನಾಲ್ಕೈದಕ್ಕೆ ಇಳಿಸಬೇಕು ಅಂತಿದ್ದೇನೆ. ಆಮೇಲೆ ಓದಲು ಮಾತ್ರ ಶಾಖೆಯಲ್ಲೇ ಡೇಟಾದ ಒಂದು ಪ್ರತಿ. ಆದರೆ ಹಣ ತೆಗೆಯುವಾಗ ಅದರಲ್ಲಿ ಹಳೆಯ ಬ್ಯಾಲೆನ್ಸ್ ಕಂಡರೆ? ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ?

ಮೀನು ಮಾರಿ ಬಂದ ಅಕ್ಕಂದಿರು ಕೌಂಟರ್‌ನಲ್ಲಿ ಕಾದು ನಿಲ್ಲುವುದನ್ನು ನೋಡಲು ಆಗುತ್ತಿಲ್ಲ. ಇಂಥ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್. ಮಣಿಪಾಲಕ್ಕೋ ಮಂಗಳೂರಿಗೋ ನಾನೇ ಬರುತ್ತೇನೆ.