‘ಸಿಂಕ್’ ಪದಕ್ಕೆ ಕನ್ನಡದಲ್ಲಿ ನಾಮಪದ ಬೇಕೇ, ಕ್ರಿಯಾಪದ ಸಾಕೇ?

ಗೆಳೆಯರಿಗೆ ನಮಸ್ಕಾರ.

ಮೂರು ವಾರದಿಂದ ಒಂದು ಅನುವಾದಕ್ಕೆ ಕೈಹಚ್ಚಿ ಕುಳಿತಿದ್ದೇನೆ. ಕಾಡು, ಹುಲ್ಲುಗಾವಲು, ಜೌಗುನೆಲ, ಹೊಲ ಇವೆಲ್ಲ ಹಸಿರುಮನೆ ಅನಿಲಗಳನ್ನು ಎಷ್ಟು ಹೀರುತ್ತವೆ, ಎಷ್ಟು ಬಿಡುತ್ತವೆ ಎಂದು ವರ್ಷಗಟ್ಟಲೆ ಅಳೆಯುವ ಸಂಶೋಧನಾ ತಾಣಗಳ ಬಗ್ಗೆ ಒಂದು ಕಿರುಪುಸ್ತಕ. ವಿಷಯ ಅರ್ಥವಾಗುತ್ತದೆ, ವಾಕ್ಯವೂ ಹೇಗೋ ಕೂಡಿಬರುತ್ತದೆ. ಪದ ಹುಡುಕುವಾಗ ಮಾತ್ರ ಗಂಟೆಗಳು ಹೋಗುತ್ತವೆ. ಎಲ್ಲಕ್ಕಿಂತ ಹೆಚ್ಚು ಕಾಡಿಸಿದ್ದು ಇಂಗ್ಲಿಷಿನ ‘ಸಿಂಕ್’. ಇಂಗಾಲವನ್ನು ಬಿಡುವುದಕ್ಕಿಂತ ಹೆಚ್ಚು ಹೀರುವ ಕಾಡನ್ನು ಅವರು ಹಾಗೆ ಕರೆಯುತ್ತಾರೆ. ಹೀರುವುದಕ್ಕಿಂತ ಹೆಚ್ಚು ಬಿಟ್ಟರೆ ‘ಸೋರ್ಸ್’.

ಕನ್ನಡದಲ್ಲಿ ಇದುವರೆಗೆ ನನ್ನ ಕಣ್ಣಿಗೆ ಬಿದ್ದವು ಮೂರು. ‘ಇಂಗಾಲದ ತೊಟ್ಟಿ’ ಎಂದರೆ ಬೀದಿಯ ಕಸದ ತೊಟ್ಟಿ ನೆನಪಾಗುತ್ತದೆ. ‘ಇಂಗಾಲದ ಕುಂಡ’ ಎಂದರೆ ಹೂವಿನ ಕುಂಡ ಅಥವಾ ಹೋಮದ ಕುಂಡ. ಹೋಮದ ಕುಂಡವಂತೂ ಇಂಗಾಲವನ್ನು ಬಿಡುವುದೇ ಹೊರತು ಹೀರುವುದಿಲ್ಲ. ಮೂರನೆಯದು ‘ಇಂಗಾಲ ಶೋಷಕ’. ಸಂಸ್ಕೃತದ ಲೆಕ್ಕದಲ್ಲಿ ತಪ್ಪಿಲ್ಲ, ಶೋಷಿಸು ಎಂದರೆ ಒಣಗಿಸು, ಹೀರು ಎಂದೇ. ಆದರೆ ಕನ್ನಡದಲ್ಲಿ ಶೋಷಕ ಎಂದೊಡನೆ ಜಮೀನ್ದಾರನ ಚಿತ್ರ ಬರುತ್ತದೆ. ‘ಈ ಕಾಡು ದೊಡ್ಡ ಶೋಷಕ’ ಎಂದು ಬರೆದರೆ ಕಾಡಿನ ವಿರುದ್ಧ ಮೆರವಣಿಗೆ ಹೊರಡಬಹುದು.

ನಾನು ಮೊದಲು ಒಲಿದದ್ದು ‘ಇಂಗುತಾಣ’ಕ್ಕೆ. ಮಳೆನೀರು ಇಂಗುವ, ಇಂಗಿಸುವ ಮಾತು ಎಲ್ಲರ ನಾಲಿಗೆಯ ಮೇಲಿದೆ, ಇಂಗುಗುಂಡಿ ಎಂಬ ಪದವೂ ಇದೆ. ಜೊತೆಗೆ ‘ಇಂಗಾಲ ಇಂಗುತ್ತದೆ’ ಎಂದರೆ ಕಿವಿಗೆ ಹಿತ. ಆ ಹಿತ ಬರೀ ಸದ್ದಿನದು ಎಂಬುದನ್ನೂ ಹೇಳಿಬಿಡಬೇಕು. ಇಂಗಾಲ, ಇಂಗಳ ಎರಡೂ ಸಂಸ್ಕೃತದ ‘ಅಂಗಾರ’ ಪ್ರಾಕೃತದಲ್ಲಿ ‘ಇಂಗಾಲ’ವಾಗಿ ನಮಗೆ ಬಂದ ಕೆಂಡದ ಪದಗಳು, ಹಳೆಯ ಪಠ್ಯಗಳ ‘ಅಂಗಾರಾಮ್ಲ’ವೂ ಅದೇ ಬೇರಿನದು. ಇಂಗು ಎಂಬ ಕ್ರಿಯಾಪದ ಬೇರೆಯೇ ಮನೆತನದ್ದು. ಇರಲಿ, ಪ್ರಾಸಕ್ಕೆ ವಂಶಾವಳಿ ಬೇಕಿಲ್ಲ. ತೊಂದರೆ ಬೇರೆ ಕಡೆ ಇದೆ. ಇಂಗಿದ್ದು ಸದ್ಯಕ್ಕೆ ಹಿಂತಿರುಗುವುದಿಲ್ಲ ಎಂಬ ಭಾವ ಆ ಪದದಲ್ಲಿದೆ. ಎಲೆ ಹಗಲು ಹೀರಿದ್ದರಲ್ಲಿ ದೊಡ್ಡ ಪಾಲು ಅದೇ ರಾತ್ರಿ, ಅದೇ ವಾರ, ಅದೇ ವರ್ಷ ಗಾಳಿಗೆ ಮರಳುತ್ತದೆ. ಹಾಗಾಗಿ ‘ಇಂಗಿಸು’ವನ್ನು ಮರದ ಕಾಂಡದಲ್ಲಿ, ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುವ ಇಂಗಾಲಕ್ಕೆ ಮೀಸಲಿಟ್ಟು, ದಿನದಿನದ ವ್ಯವಹಾರಕ್ಕೆ ‘ಹೀರು’ ಎಂದು ಬಳಸುತ್ತಿದ್ದೇನೆ. ಇಂಗ್ಲಿಷಿನಲ್ಲೂ ಇವೆರಡಕ್ಕೆ ಬೇರೆಬೇರೆ ಪದಗಳಿವೆ.

ಪುಸ್ತಕದ ಅರ್ಧದಷ್ಟು ಮುಗಿಸುವ ಹೊತ್ತಿಗೆ ನನಗೆ ಅನ್ನಿಸಿದ್ದು ಇದು: ನಾವು ಹುಡುಕುತ್ತಿರುವ ಜಾಗವೇ ತಪ್ಪು. ತೊಟ್ಟಿ, ಕುಂಡ, ತಾಣ ಎಲ್ಲವೂ ಸ್ಥಳವಾಚಿಗಳು. ಆದರೆ ‘ಸಿಂಕ್’ ಆಗುವುದು ಒಂದು ಸ್ಥಳದ ಗುಣವಲ್ಲ, ಒಂದು ಅವಧಿಯ ಲೆಕ್ಕದ ಫಲ. ಅಳೆಯುವ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮರಗಳ ತಲೆಗಿಂತ ಎತ್ತರಕ್ಕೆ ಒಂದು ಕಂಬ. ಅದರ ತುದಿಯಲ್ಲಿ ಎದುರುಬದುರಾಗಿ ಮುಖಮಾಡಿದ ಮೂರು ಜೋಡಿ ಕಡ್ಡಿಗಳು, ಏನನ್ನೋ ಹಿಡಿಯಲು ಬಾಗಿದ ಬೆರಳುಗಳ ಹಾಗೆ. ಒಂದು ಕಡ್ಡಿ ಹೊರಡಿಸಿದ ಶ್ರವಣಾತೀತ ಸದ್ದು ಎದುರಿನದನ್ನು ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಗಾಳಿ ಎತ್ತ ಬೀಸುತ್ತಿದೆ, ಮೇಲೇರುತ್ತಿದೆಯೋ ಕೆಳಗಿಳಿಯುತ್ತಿದೆಯೋ ಎಂದು ತಿಳಿಯುತ್ತದೆ. (ಇದನ್ನು ‘ಶಬ್ದಾತೀತ’ ಎಂದು ಬರೆದವರನ್ನು ಕಂಡಿದ್ದೇನೆ, ಅದು ಸದ್ದಿಗಿಂತ ವೇಗವಾಗಿ ಹೋಗುವ ವಿಮಾನದ ಮಾತು.) ಪಕ್ಕದಲ್ಲೇ ಅವಕೆಂಪು ಕಿರಣ ಹಾಯಿಸಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ನೋಡುವ ಇನ್ನೊಂದು ಉಪಕರಣ. ಎರಡೂ ಸೆಕೆಂಡಿಗೆ 10 ಅಥವಾ 20 ಸಲ ಅಳೆಯುತ್ತವೆ.

ಈಗ ಲೆಕ್ಕ. ಅಂಕಿಗಳು ವಿವರಣೆಗೆಂದು ನಾನೇ ಹಾಕಿಕೊಂಡವು. ಹಗಲು ಎಲೆಗಳು ಹೀರುತ್ತಿರುವುದರಿಂದ ಕಾಡಿನೊಳಗಿನಿಂದ ಮೇಲೇರುವ ಗಾಳಿಯಲ್ಲಿ ಅನಿಲ ಸರಾಸರಿಗಿಂತ ಕಡಿಮೆ, ಮೇಲಿನಿಂದ ಇಳಿಯುವ ಗಾಳಿಯಲ್ಲಿ ಹೆಚ್ಚು. ಒಂದು ಸುಳಿ ಸೆಕೆಂಡಿಗೆ 0.2 ಮೀಟರ್ ಮೇಲೇರಿತು, ಅದರಲ್ಲಿ ಘನ ಮೀಟರಿಗೆ 2 ಮಿಲಿಗ್ರಾಂ ಕಡಿಮೆ ಇತ್ತು. ಗುಣಿಸಿದರೆ −0.4. ಮರುಕ್ಷಣ ಇನ್ನೊಂದು ಸುಳಿ ಅಷ್ಟೇ ವೇಗದಲ್ಲಿ ಇಳಿಯಿತು, ಅದರಲ್ಲಿ 2 ಮಿಲಿಗ್ರಾಂ ಹೆಚ್ಚಿತ್ತು. ಇಳಿತಕ್ಕೆ ಮೈನಸ್, ಹೆಚ್ಚಿಗೆ ಪ್ಲಸ್, ಮತ್ತೆ −0.4. ಏರಿದಷ್ಟೇ ಗಾಳಿ ಇಳಿಯಿತು, ಆದರೆ ಪ್ರತಿ ಚದರ ಮೀಟರಿನ ಮೂಲಕ ಸೆಕೆಂಡಿಗೆ 0.4 ಮಿಲಿಗ್ರಾಂ ಅನಿಲ ಕಾಡಿನೊಳಗೆ ಉಳಿಯಿತು. ಇಂಥ ಸಾವಿರಾರು ಗುಣಾಕಾರಗಳ ಅರ್ಧ ಗಂಟೆಯ ಸರಾಸರಿಯೇ ಒಂದು ಅಂಕಿ. ದಿನಕ್ಕೆ 48 ಅಂಕಿ. ಮಧ್ಯಾಹ್ನದ ಅಂಕಿಯಲ್ಲಿ ಕಾಡು ‘ಸಿಂಕ್’, ನಡುರಾತ್ರಿಯ ಅಂಕಿಯಲ್ಲಿ ಅದೇ ಕಾಡು ‘ಸೋರ್ಸ್’. ಎಲೆ ಉದುರಿಸುವ ಕಾಡಾದರೆ ಚಳಿಗಾಲವಿಡೀ ‘ಸೋರ್ಸ್’. ವರ್ಷದ ಕೊನೆಗೆ ಕೂಡಿಸಿ ಕಳೆದಾಗ ಮತ್ತೆ ‘ಸಿಂಕ್’ ಆಗಬಹುದು, ಆಗದೆಯೂ ಇರಬಹುದು. 2003ರ ಬೇಸಗೆಯ ಬಿಸಿ ಮತ್ತು ಬರದಲ್ಲಿ ಯುರೋಪಿನ ಕಾಡು, ಬಯಲುಗಳು ಅದಕ್ಕೂ ಹಿಂದಿನ ನಾಲ್ಕು ವರ್ಷ ಹೀರಿ ಕೂಡಿಟ್ಟಿದ್ದಕ್ಕೆ ಸಮನಾದಷ್ಟನ್ನು ಗಾಳಿಗೆ ಕೊಟ್ಟವು ಎಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ ಕಂಬಗಳ ಅಂಕಿಗಳನ್ನೂ ಆಧರಿಸಿ ಲೆಕ್ಕ ಹಾಕಿತು. ಆ ವರ್ಷ ಯಾವ ತೊಟ್ಟಿ, ಯಾವ ಕುಂಡ?

ಅನಿಲ ಯಾವುದು ಎಂಬುದೂ ಮುಖ್ಯ. ನೀರು ನಿಂತ ಜೌಗುನೆಲ ಇಂಗಾಲದ ಡೈಆಕ್ಸೈಡನ್ನು ಹೀರುತ್ತಿರುವಾಗಲೇ ಮೀಥೇನನ್ನು ಗುಳ್ಳೆಗುಳ್ಳೆಯಾಗಿ ಬಿಡುತ್ತದೆ. ಒಣ ಕಾಡಿನ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು ಮೀಥೇನನ್ನು ತಿಂದುಹಾಕುತ್ತವೆ, ಅದೇ ಮಣ್ಣು ಡೈಆಕ್ಸೈಡನ್ನು ಬಿಡುತ್ತದೆ. ‘ಜೌಗುನೆಲ ಒಂದು ಸಿಂಕ್’ ಎಂಬ ವಾಕ್ಯ ಇಂಗ್ಲಿಷಿನಲ್ಲೇ ಅರ್ಧಸತ್ಯ. ಕನ್ನಡದಲ್ಲಿ ‘ಈ ಜೌಗುನೆಲ ವರ್ಷದ ಲೆಕ್ಕದಲ್ಲಿ ಡೈಆಕ್ಸೈಡನ್ನು ಹೀರುತ್ತದೆ, ಮೀಥೇನನ್ನು ಬಿಡುತ್ತದೆ’ ಎಂದರೆ ಪೂರ್ತಿ ಸತ್ಯ, ಪದ ಹುಟ್ಟಿಸುವ ತೊಂದರೆಯೂ ಇಲ್ಲ. ಕ್ರಿಯಾಪದ ಬಂದೊಡನೆ ಏನನ್ನು, ಯಾವಾಗ ಎಂಬ ಪ್ರಶ್ನೆಗಳು ತಾವಾಗಿ ಏಳುತ್ತವೆ. ನಾಮಪದ ಅವನ್ನು ಮುಚ್ಚಿಹಾಕುತ್ತದೆ. ಹಾಗಾಗಿ ಪಠ್ಯದಲ್ಲಿ ಎಲ್ಲೆಲ್ಲೂ ಕ್ರಿಯಾಪದವನ್ನೇ ಹಾಕಿದ್ದೇನೆ. ಕೋಷ್ಟಕಗಳ ತಲೆಬರಹದಲ್ಲಿ ಮಾತ್ರ ಬೇರೆ ದಾರಿ ಕಾಣದೆ ‘ಹೀರುನೆಲೆ’, ‘ಸೆಲೆ’ ಎಂದು ಬರೆದೆ. ಬುಗ್ಗೆಯ ಅರ್ಥದ ಸೆಲೆ ‘ಸೋರ್ಸ್’ಗೆ ಚೆನ್ನಾಗಿ ಹೊಂದುತ್ತದೆ, ನೆಲೆಯ ಜೊತೆ ಪ್ರಾಸವೂ ಆಗುತ್ತದೆ. ಆದರೂ ಹೀರುನೆಲೆ ಮತ್ತೆ ಸ್ಥಳವಾಚಿಯೇ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.

ಮೇಲಿನ ಲೆಕ್ಕದಲ್ಲಿ ಒಂದು ಮೈನಸ್ ಇತ್ತಲ್ಲ, ಅದರಿಂದ ನಾನು ಸರಿಯಾಗಿ ಪೆಟ್ಟು ತಿಂದಿದ್ದೇನೆ. ಈ ವಿದ್ಯೆಯಲ್ಲಿ ಲೆಕ್ಕ ಬರೆಯುವುದು ಗಾಳಿಯ ಖಾತೆಯಲ್ಲಿ, ಕಾಡಿನ ಖಾತೆಯಲ್ಲಲ್ಲ. ಗಾಳಿಯಿಂದ ಹೊರಟದ್ದು ಮೈನಸ್. ಹಿಂದೊಮ್ಮೆ ಒಂದು ಪತ್ರಿಕೆಗೆ ಬರೆಯುವಾಗ ಇದನ್ನು ‘ಕಾಡಿನ ನಿವ್ವಳ ಇಂಗಾಲ ಲೆಕ್ಕ ಋಣಾತ್ಮಕವಾಗಿದೆ’ ಎಂದು ಬರೆದಿದ್ದೆ. ಗಣಿತದಲ್ಲಿ ಋಣ ಎಂದರೆ ಮೈನಸ್, ಉಳಿದೆಲ್ಲ ಕಡೆ ಸಾಲ. ಲೇಖನಕ್ಕೆ ಸಂಪಾದಕರು ಕೊಟ್ಟ ಶೀರ್ಷಿಕೆಯಲ್ಲಿ ಕಾಡು ಸಾಲದಲ್ಲಿ ಮುಳುಗಿತ್ತು, ಓದುಗರು ಮರುಗಿ ಪತ್ರ ಬರೆದರು. ಆ ಕಾಡು ನಿಜವಾಗಿ ಹೀರುತ್ತಿತ್ತು. ಒಂದು ಕಡೆಯ ಖರ್ಚು ಇನ್ನೊಂದು ಕಡೆಯ ಜಮಾ ಎಂಬುದು ಲೆಕ್ಕ ಬರೆಯುವ ಯಾರಿಗೂ ಗೊತ್ತು; ಯಾರ ಖಾತೆ ಎಂದು ಹೇಳದೆ ಹೋದದ್ದು ನನ್ನ ತಪ್ಪು. ಈಗ ಮೈನಸ್ ಚಿಹ್ನೆಯನ್ನು ಚಿಹ್ನೆಯಾಗಿಯೇ ಉಳಿಸಿ, ಪಕ್ಕದಲ್ಲಿ ‘ಗಾಳಿಯಿಂದ ಕಾಡಿಗೆ’ ಎಂದು ಬಿಡಿಸಿ ಬರೆಯುತ್ತೇನೆ.

ಉಳಿದ ಪದಗಳನ್ನು ಬೇಗ ಮುಗಿಸುತ್ತೇನೆ. ‘ಫ್ಲಕ್ಸ್’ಗೆ ‘ಹರಿವು’ ಸಾಲದು, ಏಕೆಂದರೆ ಇಷ್ಟು ಜಾಗಕ್ಕೆ ಇಷ್ಟು ಹೊತ್ತಿಗೆ ಎಂಬ ಅಂಶ ಅದರಲ್ಲಿಲ್ಲ. ‘ಅಭಿವಾಹ’ದಲ್ಲಿ ಇರಬಹುದು, ಆದರೆ ಅದನ್ನು ಓದಿದವರು ಮೊದಲು ಅಭಿವಾಹ ಎಂದರೇನು ಎಂದು ಕೇಳುತ್ತಾರೆ. ಮಳೆಯನ್ನು ದಿನಕ್ಕೆ ಇಷ್ಟು ಮಿಲಿಮೀಟರ್ ಎಂದು ಹೇಳುವಾಗ ನಾವೆಲ್ಲರೂ ಹೇಳುತ್ತಿರುವುದು ಇಂಥದ್ದೇ ಅಳತೆ ಎಂದು ಒಮ್ಮೆ ವಿವರಿಸಿ, ಆಮೇಲೆ ‘ಫ್ಲಕ್ಸ್’ ಎಂದೇ ಉಳಿಸಿದೆ. ಇದನ್ನು ಸಾಂದ್ರತೆಯೊಂದಿಗೆ ಬೆರೆಸಬಾರದು. 1958ರಿಂದ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳೆಯುತ್ತಿರುವುದು ಗಾಳಿಯಲ್ಲಿ ಎಷ್ಟಿದೆ ಎಂಬುದನ್ನು, ಖಾತೆಯ ಬಾಕಿಯ ಹಾಗೆ. ಯಾರು ಹಾಕಿದರು, ಯಾರು ತೆಗೆದರು ಎಂದು ಅದೊಂದರಿಂದ ತಿಳಿಯದು.

ಕಂಬದಿಂದ ಅಳೆಯುವ ಈ ವಿಧಾನದ ಇಂಗ್ಲಿಷ್ ಹೆಸರು ‘ಎಡ್ಡಿ ಕೋವೇರಿಯನ್ಸ್’. ಅದರಲ್ಲಿರುವ ‘ಎಡ್ಡಿ’ಗೆ ‘ಸುಳಿ’ ಹೇಳಿಮಾಡಿಸಿದ ಪದ. ಆದರೆ ಗಿಡಮರಗಳ ಪುಸ್ತಕದಲ್ಲಿ ‘ಸುಳಿಯ ಅಳತೆ’ ಎಂದರೆ ತೆಂಗಿನ ಸುಳಿ, ಬಾಳೆಯ ಸುಳಿ ಅಳೆದಂತಾಗುತ್ತದೆ. ‘ಸುಳಿಗಾಳಿ’ ಎಂದರೆ ತರಗೆಲೆ ಎತ್ತಿಕೊಂಡು ಸುತ್ತುವ ಗಾಳಿ. ಅದನ್ನೇ ತಿರುಗಿಸಿ ‘ಗಾಳಿಸುಳಿ’ ಎಂದೆ. ಎರಡು ಅಳತೆಗಳು ಜೊತೆಜೊತೆಗೆ ಏರಿಳಿಯುವುದನ್ನು ಹೇಳುವ ‘ಕೋವೇರಿಯನ್ಸ್’ಗೆ ‘ಸಹವ್ಯತ್ಯಯ’ ಇದೆ ಎನ್ನುತ್ತಾರೆ. ಉಚ್ಚರಿಸಿ ನೋಡಿ, ಆಮೇಲೆ ಮಾತಾಡೋಣ.

‘ರೆಸ್ಪಿರೇಶನ್’ಗೆ ‘ಉಸಿರಾಟ’ ಎಂಬುದು ಸ್ಥಿರವಾಗಿದೆ, ಬದಲಿಸುವ ಹಾಗಿಲ್ಲ. ಆದರೆ ನಮ್ಮ ಉಸಿರಾಟದಲ್ಲಿ ಎಳೆದುಕೊಳ್ಳುವುದೂ ಇದೆ, ಬಿಡುವುದೂ ಇದೆ. ಇಲ್ಲಿ ಲೆಕ್ಕಕ್ಕೆ ಬರುವುದು ಡೈಆಕ್ಸೈಡನ್ನು ಬಿಡುವುದು ಮಾತ್ರ. ‘ಕಾಡು ಉಸಿರಾಡುತ್ತದೆ’ ಎಂಬ ಕಾವ್ಯಮಯ ಸಾಲನ್ನು ಓದುಗರು ಹೀರಿ ಬಿಡುವುದು ಎಂದು ತಿಳಿಯುತ್ತಾರೆ, ವಿಜ್ಞಾನಿ ಬರೀ ಬಿಡುವುದು ಎಂದು ತಿಳಿಯುತ್ತಾನೆ. ಮಣ್ಣಿನ ಮಟ್ಟಿಗೆ ‘ಮಣ್ಣು ಬಿಡುವ ಉಸಿರು’ ಎಂದು ಬರೆದು ಪಾರಾದೆ. ಅದನ್ನು ಅಳೆಯಲು ನೆಲದ ಮೇಲೆ ಕವುಚಿಡುವ ಪೆಟ್ಟಿಗೆಯನ್ನು ಅವರು ‘ಚೇಂಬರ್’ ಎನ್ನುತ್ತಾರೆ. ‘ಕೊಠಡಿ’ ಎಂದು ಅನುವಾದಿಸಿದರೆ ಮಂಚ, ಕುರ್ಚಿ ಹಾಕಬೇಕಾಗುತ್ತದೆ. ‘ಬೋರಲು ಪೆಟ್ಟಿಗೆ’ ಎಂದಿದ್ದೇನೆ, ಇದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇದೆ.

ಇನ್ನು ಕಂಬಗಳು ನಿಂತ ಈ ಜಾಗಗಳಿಗೇ ಏನೆನ್ನುವುದು? ‘ಗೋಪುರ’ ಎಲ್ಲಕ್ಕೂ ಹೊಂದುವುದಿಲ್ಲ. ಅಮೆಜಾನ್ ಕಾಡಿನಲ್ಲಿ 325 ಮೀಟರ್ ಎತ್ತರದ್ದು ನಿಂತಿದೆ, ಅದನ್ನು ಗೋಪುರ ಎನ್ನಲು ಯಾರ ತಕರಾರೂ ಇರದು. ಹುಲ್ಲುಗಾವಲಿನಲ್ಲಿ ಎರಡು ಮೂರು ಮೀಟರಿನ ಮುಕ್ಕಾಲಿ ಸಾಕು. ‘ಕೇಂದ್ರ’ ಎಂದರೆ ಫಲಕ, ಕಾವಲುಗಾರ, ಕಟ್ಟಡ ಕಣ್ಣಿಗೆ ಬರುತ್ತವೆ. ‘ತಾಣ’ವನ್ನು ಅಂತರಜಾಲ ಆಕ್ರಮಿಸಿಕೊಂಡಿದೆ. ಕೃಷಿ ಬರಹಗಳಲ್ಲಿ ಪ್ರಯೋಗಕ್ಕೆಂದು ಗುರುತಿಸಿದ ನೆಲಕ್ಕೆ ‘ತಾಕು’ ಎನ್ನುತ್ತಾರಲ್ಲ, ಅದು ನನಗೆ ಹಿಡಿಸಿತು. ಅಳೆಯುವುದು ಕಂಬ, ಅಳೆಸಿಕೊಳ್ಳುವುದು ನೆಲ, ಹೆಸರು ನೆಲದ್ದಾಗಿರಲಿ. ‘ಅಳತೆ ತಾಕು’. ಅಮೆರಿಕದ ಹಾರ್ವರ್ಡ್ ಕಾಡಿನ ತಾಕಿನಲ್ಲಿ 1990ರ ದಶಕದ ಆರಂಭದಿಂದ ಅಂಕಿ ಬರೆಯುತ್ತಿದ್ದಾರೆ. ಜಗತ್ತಿನ ಇಂಥ ತಾಕುಗಳನ್ನು ಹೆಣೆದ ಫ್ಲಕ್ಸ್‌ನೆಟ್ ಜಾಲ 2015ರ ಹೆಸರಿನಲ್ಲಿ ಹೊರತಂದ ದತ್ತಾಂಶದಲ್ಲಿ 212 ತಾಕುಗಳಿವೆ. ಈ ಎರಡು ವಾಕ್ಯಗಳಲ್ಲಿ ‘ತಾಕು’ ನಿಮ್ಮ ಕಿವಿಗೆ ಒರಟಾಗಿ ಕೇಳಿಸಿತೇ? ಒಂದೇ ಆತಂಕ: ತಾಕು ಎಂದರೆ ಸಣ್ಣ ತುಂಡು ನೆಲ. ಕಾಡಿನ ಕಂಬಕ್ಕೆ ಸಿಗುವ ಗಾಳಿ ಒಂದು ಕಿಲೋಮೀಟರ್ ಆಚೆಯಿಂದಲೂ ಬಂದಿರಬಹುದು.

ಅಲ್ಲಿಗೆ ಕೊನೆಯ ತೊಡಕು. ಆ ಹೊತ್ತಿನಲ್ಲಿ ಕಂಬ ಯಾವ ನೆಲದ ಲೆಕ್ಕ ಬರೆಯುತ್ತಿದೆಯೋ ಆ ಹರವಿಗೆ ಇಂಗ್ಲಿಷಿನಲ್ಲಿ ‘ಫುಟ್‌ಪ್ರಿಂಟ್’ ಎನ್ನುತ್ತಾರೆ. ‘ಹೆಜ್ಜೆಗುರುತು’ ಎಂದರೆ ಮನುಷ್ಯರ ‘ಇಂಗಾಲದ ಹೆಜ್ಜೆಗುರುತು’ ಜೊತೆ ಗೊಂದಲ ಖಂಡಿತ, ಅದೂ ಅದೇ ಪುಸ್ತಕದಲ್ಲಿ. ಮೇಲಾಗಿ ಈ ಹರವು ಒಂದೆಡೆ ನಿಲ್ಲುವುದಿಲ್ಲ: ಗಾಳಿ ಪಡುವಣದಿಂದ ಬೀಸಿದರೆ ಪಡುವಣದ ಮರಗಳ ಲೆಕ್ಕ, ಬಡಗಣದಿಂದ ಬೀಸಿದರೆ ಅತ್ತಲಿನ ಹೊಲದ್ದು. ಗಾಳಿ ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಿ ಹುಡುಕಬೇಕು. ಜಾಡು ಹಿಡಿಯುವುದು ಎನ್ನುತ್ತೇವಲ್ಲ, ಹಾಗೆ. ‘ಗಾಳಿಜಾಡು’ ಎಂದು ಕರಡಿನಲ್ಲಿ ಹಾಕಿದ್ದೇನೆ. ಆದರೆ ಜಾಡು ಎಂದರೆ ಗೆರೆ, ನನಗೆ ಬೇಕಾಗಿರುವುದು ಹರವು. ಈ ಎರಡನ್ನೂ ಒಟ್ಟಿಗೆ ಹೇಳುವ ಪದ, ಬೇಟೆಯದ್ದೋ ದನ ಕಾಯುವವರದ್ದೋ ದೋಣಿಯವರದ್ದೋ, ನಿಮ್ಮಲ್ಲಿ ಯಾರಿಗಾದರೂ ಗೊತ್ತೇ? ಕರಡು ಒಪ್ಪಿಸಲು ಇನ್ನು ಹತ್ತು ದಿನವಿದೆ.