ಎರಡು ಸಿಲಿಂಡರ್ ಕಟ್ಟಿದರೆ ವಿಂಗ್‌ಗೆ ಎಷ್ಟು ಲಿಫ್ಟ್ ಬೇಕು?

ಪ್ರಶ್ನೆ, ಸುರತ್ಕಲ್‌ನಿಂದ:
ನೇತ್ರಾಣಿಯಲ್ಲಿ ಇಷ್ಟು ದಿನ ಒಂದೇ ಸಿಲಿಂಡರ್‌ನಲ್ಲಿ ಡೈವ್ ಮಾಡುತ್ತಿದ್ದೆ. ಈಗ ಅಂಡಮಾನ್‌ಗೆ ಹೋಗಿ ಡಬಲ್ಸ್, ಅಂದರೆ ಬೆನ್ನಿಗೆ ಎರಡು ಸಿಲಿಂಡರ್ ಜೋಡಿ ಕಟ್ಟಿ ಡೈವ್ ಮಾಡುವುದು, ಕಲಿಯುವ ಯೋಚನೆ. 11 ಲೀಟರಿನ ಎರಡು ಅಲ್ಯುಮಿನಿಯಂ ಸಿಲಿಂಡರ್, ಸ್ಟೀಲ್ ಬ್ಯಾಕ್‌ಪ್ಲೇಟ್, 3 ಮಿ.ಮೀ. ವೆಟ್‌ಸೂಟ್. ವಿಂಗ್ (ಬೆನ್ನ ಹಿಂದೆ ಇರುವ, ಗಾಳಿ ತುಂಬಿದರೆ ತೇಲಿಸುವ ಚೀಲ) ಮಾತ್ರ ಕೊಳ್ಳಬೇಕು. ಒಬ್ಬರು 18 ಕೆ.ಜಿ. ಲಿಫ್ಟ್ (ಅದು ಎತ್ತಬಲ್ಲ ಭಾರ) ಸಾಕು ಅಂತಾರೆ, ಇನ್ನೊಬ್ಬರು 27ಕ್ಕಿಂತ ಕಡಿಮೆ ಬೇಡವೇ ಬೇಡ ಅಂತಾರೆ. ಬಳಸಿದವರು ಹೇಳಿ ಮಾರಾಯ್ರೆ.

ಮಲ್ಪೆಯಿಂದ:
18 ಸಾಕು. ಯಾಕೆ ಅಂತ ಲೆಕ್ಕ ಹಾಕಿಯೇ ನೋಡಿ, ಬೇರೆಯವರ ಮಾತು ನಂಬಬೇಕಾಗಿಲ್ಲ.

ವಿಂಗ್‌ಗೆ ಇರುವುದು ಎರಡು ಕೆಲಸ. ಒಂದು ಆಳದಲ್ಲಿ. ಗಾಳಿಗೂ ತೂಕ ಇದೆ, ಲೀಟರಿಗೆ ಸುಮಾರು 1.2 ಗ್ರಾಂ. ನಿಮ್ಮ ಎರಡು ಸಿಲಿಂಡರಿನಲ್ಲಿ 200 ಬಾರ್ ತುಂಬಿದರೆ ಹತ್ತಿರ ಹತ್ತಿರ 4,400 ಲೀಟರ್, ಅಂದರೆ ಐದು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಡೈವ್ ಕೊನೆಗೆ ಸಿಲಿಂಡರ್ ಬಹುತೇಕ ಖಾಲಿಯಾದಾಗಲೂ, ಮೇಲೆ ಬರುವ ಮುನ್ನ 5 ಮೀಟರಿನಲ್ಲಿ ಅಲ್ಲಾಡದೆ ನಿಲ್ಲುವಷ್ಟು ಸೀಸದ ತೂಕ ಹಾಕಿಕೊಂಡಿರುತ್ತೀರಿ. ಹಾಗಾಗಿ ಡೈವ್ ಶುರುವಾಗುವಾಗ ಆ ಐದು ಕೆ.ಜಿ. ಹೆಚ್ಚುವರಿ ಭಾರವೇ. ಅದರ ಮೇಲೆ 30 ಮೀಟರಿನಲ್ಲಿ ಒತ್ತಡ ನಾಲ್ಕು ಪಟ್ಟು. ಸೂಟಿನ ರಬ್ಬರಿನೊಳಗಿನ ಗಾಳಿ ಗುಳ್ಳೆಗಳು ಅಮುಕಿ ಹೋಗಿ ಅದರ ತೇಲುವ ಶಕ್ತಿ ಹೆಚ್ಚುಕಮ್ಮಿ ಮುಗಿದಿರುತ್ತದೆ. ತೆಳು ಸೂಟಿಗೆ ಇನ್ನೊಂದೆರಡು ಕೆ.ಜಿ. ಹಿಡಿಯಿರಿ. ಒಟ್ಟು ಏಳೆಂಟಾಯಿತು.

ಇನ್ನೊಂದು ಕೆಲಸ ಮೇಲೆ. ಬೋಟ್ ಹತ್ತಿರ ಸೆಟ್ ಕಳಚಿ ನೀರಿನಲ್ಲಿ ಬಿಟ್ಟರೆ ಅದು ತಾನೇ ತೇಲಬೇಕು. ತುಂಬಿದ ಅಲ್ಯುಮಿನಿಯಂ ಸಿಲಿಂಡರ್ ನೀರಿನಲ್ಲಿ ತೂಗುವುದು ಒಂದೊಂದೂ ಒಂದು ಕೆ.ಜಿ.ಗಿಂತ ಕಡಿಮೆ. ಪ್ಲೇಟ್, ಬ್ಯಾಂಡ್, ಎರಡು ಸಿಲಿಂಡರ್ ಕೂಡಿಸುವ ಮ್ಯಾನಿಫೋಲ್ಡ್, ಉಸಿರಾಡುವ ಎರಡು ರೆಗ್ಯುಲೇಟರ್ ಎಲ್ಲ ಸೇರಿಸಿದರೂ ಎಂಟರ ಆಸುಪಾಸು. ಅಲೆ ಇದ್ದಾಗ ತಲೆ ನೀರಿನ ಮೇಲೆ ಇರಲಿ ಅಂತ ಇನ್ನೈದು ಸೇರಿಸಿ. ಎರಡು ಕೆಲಸ ಬೇರೆ ಬೇರೆ ಹೊತ್ತಿನವು, ಕೂಡಿಸಬೇಡಿ, ದೊಡ್ಡದನ್ನು ಹಿಡಿಯಿರಿ. ಆದರೂ 18ರ ಒಳಗೇ ಬಂತು ಅಲ್ವಾ?

ಕದ್ರಿಯಿಂದ:
27 ಅಂದಿದ್ದು ನಾನೇ ಇರಬೇಕು! ನಾನು ಮಸ್ಕತ್‌ನಲ್ಲಿದ್ದಾಗ ಬಳಸುತ್ತಿದ್ದದ್ದು 12 ಲೀಟರಿನ ಸ್ಟೀಲ್ ಜೋಡಿ, 5 ಮಿ.ಮೀ. ಸೂಟ್. 232 ಬಾರ್ ತುಂಬಿದರೆ ಗಾಳಿಯೇ ಆರೂವರೆ ಕೆ.ಜಿ. ದಾಟುತ್ತದೆ, ಸಿಲಿಂಡರಿನ ಭಾರ ಬೇರೆ. ಪಕ್ಕಕ್ಕೆ ಸ್ಟೇಜ್ ಸಿಲಿಂಡರ್ (ಹೆಚ್ಚುವರಿ ಸಿಲಿಂಡರ್) ಕೂಡ ನೇತು ಹಾಕಿಕೊಳ್ಳುತ್ತಿದ್ದೆವು. ಅಲ್ಲಿ ದೊಡ್ಡ ವಿಂಗ್ ಬೇಕಿತ್ತು. ಅಲ್ಯುಮಿನಿಯಂ ಅಂದಮೇಲೆ ಮಲ್ಪೆಯವರ ಮಾತಿಗೆ ನಾನೂ ಸೈ.

ಲಿಫ್ಟ್ ಜಾಸ್ತಿ ಇದ್ದರೆ ನಷ್ಟ ಏನು ಅಂತ ಕೇಳಬಹುದು. ಗಾಳಿ ತುಂಬದ ಬಟ್ಟೆ ಪಕ್ಕದಲ್ಲಿ ಜೋತು ಬೀಳುತ್ತದೆ, ಈಜುವಾಗ ಎಳೆಯುತ್ತದೆ. ಗಾಳಿ ಒಂದು ಮೂಲೆಯಲ್ಲಿ ಸಿಕ್ಕಿಕೊಂಡರೆ ಹೊರಗೆ ಬಿಡಲು ಮೈ ತಿರುಗಿಸುತ್ತಾ ಕೂರಬೇಕು. ಮೇಲೇರುವಾಗ ಅದು ತಮಾಷೆಯಲ್ಲ. ಹಾಗಂತ ಒಂದು ಸಿಲಿಂಡರಿನ ಕಿರಿದಾದ ವಿಂಗ್ ತಗೋಬೇಡಿ, ಅಂಕಿ ಎಷ್ಟೇ ಇರಲಿ. ಡಬಲ್ಸ್ ಮಧ್ಯೆ ಅದು ಒತ್ತಿಕೊಂಡು ಸರಿಯಾಗಿ ಉಬ್ಬುವುದೇ ಇಲ್ಲ.

ಸುರತ್ಕಲ್:
ಹಾಗಾದರೆ ಸೆಕೆಂಡ್‌ಹ್ಯಾಂಡ್ ಸ್ಟೀಲ್ ಜೋಡಿ ಸಿಕ್ಕರೆ? ಸೀಸ ಹೊರುವುದು ತಪ್ಪುತ್ತದಲ್ಲ.

ಕಾಪುವಿನಿಂದ:
ಬೇಡ ಅಣ್ಣ. ಇಲ್ಲಿ ಎಲ್ಲರೂ ಲಿಫ್ಟ್ ಎಷ್ಟು ಅಂತ ಮಾತಾಡ್ತಾ ಇದ್ದೀರಿ. ವಿಂಗ್ ಕೈಕೊಟ್ಟರೆ ಏನು ಅಂತ ಯಾರೂ ಕೇಳಲಿಲ್ಲ. ನಮ್ಮ ಗುಂಪಿನ ಒಬ್ಬರಿಗೆ ನೀರಿಗಿಳಿದ ತಕ್ಷಣ ಇನ್‌ಫ್ಲೇಟರ್ (ಗಾಳಿ ತುಂಬುವ, ಬಿಡುವ ಸಾಧನ) ಪೈಪ್ ವಿಂಗ್‌ಗೆ ಸೇರುವ ಜಾಗ ಸಡಿಲಾಗಿ ಗಾಳಿಯೆಲ್ಲ ಹೋಯಿತು. ಬೋಟಿನ ಹಗ್ಗ ಕೈಯಲ್ಲಿತ್ತು, ಬಚಾವ್. ಅದೇ 35 ಮೀಟರಿನಲ್ಲಿ ಆಗಿದ್ದರೆ? ತಣ್ಣೀರಿನ ದೇಶದವರು ಒಳಗೆ ನೀರು ಬಾರದ ಡ್ರೈಸೂಟ್ ಹಾಕುತ್ತಾರೆ, ಅದಕ್ಕೆ ಗಾಳಿ ತುಂಬಿ ಮೇಲೆ ಬರಬಹುದು. ನಮ್ಮ ಬಿಸಿ ನೀರಿನಲ್ಲಿ ಡ್ರೈಸೂಟ್ ಯಾರು ಹಾಕ್ತಾರೆ? ತೆಳು ವೆಟ್‌ಸೂಟಿಗೆ ಸ್ಟೀಲ್ ಜೋಡಿ ಕಟ್ಟಿದರೆ ಸೀಸವೇ ಬೇಕಾಗದೆ ಇರಬಹುದು. ಅಂದಮೇಲೆ ತುರ್ತಿನಲ್ಲಿ ಬಿಸಾಡಲು ಏನೂ ಇಲ್ಲ. ಬರೀ ಫಿನ್ ಬಡಿದು ಅಷ್ಟು ಭಾರ ಎತ್ತಲು ಆಗುವುದಿಲ್ಲ.

ಅಲ್ಯುಮಿನಿಯಂ ಖಾಲಿಯಾದಾಗ ತೇಲುತ್ತದೆ, ಒಂದೊಂದೂ ಎರಡು ಕೆ.ಜಿ.ಯ ಹತ್ತಿರ. ಅದಕ್ಕೆ ಹಾಕುವ ಸೀಸದಲ್ಲಿ ಸ್ವಲ್ಪವಾದರೂ ಕಳಚಿ ಬಿಡುವ ಹಾಗೆ ಇಟ್ಟುಕೊಳ್ಳಿ.

ಕದ್ರಿ:
ಎರಡು ಬ್ಲಾಡರ್ (ಒಳಗಿನ ಗಾಳಿಚೀಲ) ಇರುವ ವಿಂಗ್ ತಗೊಂಡರೆ ಆಯಿತಲ್ಲ?

ಕಾಪು:
ತಗೊಳ್ಳಬಹುದು. ನನಗೆ ಅಷ್ಟು ಇಷ್ಟ ಇಲ್ಲ. ಎರಡನೆಯ ಇನ್‌ಫ್ಲೇಟರ್ ಸುಮ್ನೆ ಸೋರಿ ಗಾಳಿ ತುಂಬುತ್ತಿದ್ದರೆ, ನೀವು ಮೊದಲನೆಯದರಿಂದ ಬಿಡುತ್ತಲೇ ಇರುತ್ತೀರಿ, ತಲೆಬುಡ ಗೊತ್ತಾಗಲ್ಲ. ಬಳಸುವುದಾದರೆ ಕೋರ್ಸಿನಲ್ಲೇ ಅಭ್ಯಾಸ ಮಾಡಿ.

ಉಡುಪಿಯಿಂದ:
ಒಂದೇ ಮಾತು. ವಿಂಗ್ ಮೇಲೆ 40 ಅಂತ ಬರೆದಿದ್ದರೆ ಅದು ಪೌಂಡ್, ಅಂದರೆ 18 ಕೆ.ಜಿ. ಕೆ.ಜಿ. ಅಂದುಕೊಂಡು ಹೋಲಿಸಬೇಡಿ.

ಮಲ್ಪೆ:
ಮಳೆಗಾಲದಲ್ಲಿ ಬೋಟ್ ಹೋಗಲ್ಲ, ಆಗ ಯಾವುದಾದರೂ ಈಜುಕೊಳದಲ್ಲಿ ಕೇಳಿಕೊಂಡು ಇಡೀ ಸೆಟ್ ಮುಳುಗಿಸಿ ತೂಗಿ. ನೇತು ಹಾಕುವ ತೂಕದ ಯಂತ್ರ ಬಂದರಿನಲ್ಲಿ ಯಾರ ಹತ್ತಿರವೂ ಇರುತ್ತದೆ. ಲಿಫ್ಟಿಗೆ ಆ ಅಂಕಿ ಸಾಕು. ಆದರೆ ಕೊಳದಲ್ಲಿ ಸರಿಯಾದ ಸೀಸ ಸಮುದ್ರದಲ್ಲಿ ಸಾಲದು. ಉಪ್ಪುನೀರು ಸುಮಾರು ಎರಡೂವರೆ ಪರ್ಸೆಂಟ್ ಹೆಚ್ಚು ಎತ್ತುತ್ತದೆ. ನೀವು, ಸೆಟ್ ಸೇರಿ 120 ಕೆ.ಜಿ. ಇದ್ದರೆ ಮೂರು ಕೆ.ಜಿ. ಹೆಚ್ಚು ಹಾಕಬೇಕು.

ಸುರತ್ಕಲ್:
ಆಯಿತು, ಅಲ್ಯುಮಿನಿಯಂ ಮತ್ತು 18. ಒಂದೇ ಬ್ಲಾಡರ್. ಸ್ಟೀಲ್ ಜೋಡಿ ಮಾರುವವರಿಗೆ ಇವತ್ತೇ ಬೇಡ ಅಂತ ಹೇಳುತ್ತೇನೆ.