ಪದಚರ್ಚೆ: 'ನ್ಯಾಚುರಲ್ ಲಾ'ಗೆ ಕನ್ನಡದಲ್ಲಿ ಏನು? ಫ್ಲೆಕ್ಸಿಗೆ ಇವತ್ತೇ ಬೇಕು

ವಿರಾಜಪೇಟೆಯಿಂದ:
ನಮಸ್ಕಾರ. ನಾಡಿದ್ದು ಇಲ್ಲಿನ ಓದುಗರ ಕೂಟದಲ್ಲಿ ಒಂದು ಮಾತುಕತೆ ಇದೆ. ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ತಲೆಬರಹ ಕೊಡಬೇಕು. ಒಳಿತು ಕೆಡುಕು ಮನುಷ್ಯನ ಸ್ವಭಾವದಲ್ಲೇ ಇದೆ, ಯೋಚಿಸಿದರೆ ಯಾರಿಗಾದರೂ ತಿಳಿಯುತ್ತದೆ ಅನ್ನುವ ವಾದ, ಅದರ ತೊಡಕು, ಮತ್ತೆ ಒಬ್ಬೊಬ್ಬರಲ್ಲೂ ಸ್ವಂತ ನೀತಿ ಹೇಗೆ ಬೆಳೆಯುತ್ತದೆ ಅನ್ನೋದು ವಿಷಯ. 'ನಿಸರ್ಗ ನಿಯಮ' ಅಂದರೆ ವಿಜ್ಞಾನದ ಪಾಠ ಅಂದುಕೊಳ್ಳುತ್ತಾರೆ. 'ಸಹಜ ನ್ಯಾಯ' ಆಗಲೇ ಕೋರ್ಟಿನ ಮಾತಾಗಿದೆ. ಬರೀ 'ಸಹಜ ನೀತಿ' ಅನ್ನಲಾ?

ಮೈಸೂರಿನಿಂದ:
ಹುಟ್ಟುಕಟ್ಟಳೆ. ಕಟ್ಟಳೆಯ ಬೇರು 'ಕಟ್ಟು', ಅಚ್ಚ ಕನ್ನಡ. ಇದಕ್ಕೆಲ್ಲ ಸಂಸ್ಕೃತ ಬೇಕಿಲ್ಲ.

ಮಡಿಕೇರಿಯಿಂದ:
ಹುಟ್ಟುಕಟ್ಟಳೆ ಬೇಡವೇ ಬೇಡ ಸಾರ್. ಕಟ್ಟಳೆ ಅಂದರೆ ಯಾರೋ ಕಟ್ಟಿದ್ದು. ನಮ್ಮ ಕಡೆ ಊರಹಬ್ಬಕ್ಕೆ ಮೊದಲು 'ಕಟ್ಟು' ಬೀಳುತ್ತದೆ. ಅಷ್ಟು ದಿನ ಹಸಿ ಮರ ಕಡಿಯೋ ಹಾಗಿಲ್ಲ, ಪ್ರಾಣಿ ಕೊಲ್ಲೋ ಹಾಗಿಲ್ಲ. ಹಬ್ಬ ಮುಗಿದರೆ ಕಟ್ಟು ಸಡಿಲಿಸುತ್ತಾರೆ. ಅದೇ ದಿನ ಪಕ್ಕದ ಊರಲ್ಲಿ ಮರ ಕಡಿದರೆ ಅವರಿಗೆ ತಪ್ಪಲ್ಲ. ನ್ಯಾಚುರಲ್ ಲಾ ಬಗ್ಗೆ 13ನೇ ಶತಮಾನದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ ಹೇಳಿದ್ದು ಬೇರೆಯೇ. ಅದರ ಮೂಲತತ್ವ ಎಲ್ಲ ಊರಿಗೂ ಒಂದೇ, ಯಾವ ಊರೂ ಕಟ್ಟಿದ್ದಲ್ಲ, ಯಾರೂ ಸಡಿಲಿಸೋ ಹಾಗಿಲ್ಲ.

ತೊಡಕು ಇರೋದೂ ಅಲ್ಲೇ. 'ಹೀಗಿದೆ' ಅನ್ನೋದರಿಂದ 'ಹೀಗೇ ಇರಬೇಕು' ಅನ್ನೋದು ಎಲ್ಲಿಂದ ಬಂತು ಅಂತ ತತ್ವಜ್ಞಾನಿ ಡೇವಿಡ್ ಹ್ಯೂಮ್ 1740ರಲ್ಲೇ ಕೇಳಿದ್ದ. ಜನ ಕಟ್ಟಿದ್ದನ್ನೇ ಪ್ರಕೃತಿಯ ತಲೆಗೆ ಕಟ್ಟಿದರೆ ಏನಾಗುತ್ತದೆ? 1860ರ ದಂಡ ಸಂಹಿತೆಯ 377ನೇ ಕಲಮು ನೋಡಿ. ಪ್ರಕೃತಿಯ ಕ್ರಮಕ್ಕೆ ವಿರುದ್ಧವಾದ ಸಂಭೋಗ ಅಪರಾಧ ಅಂತ ಬರೆದಿಟ್ಟರು, ಸಲಿಂಗಿಗಳೂ ಅದರಡಿ ಬಂದರು. ವಯಸ್ಕರಿಬ್ಬರು ಒಪ್ಪಿ ಕೂಡಿದರೆ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 2018 ಬಂತು. ಅಷ್ಟೂ ವರ್ಷ ಹೆದರಿಕೊಂಡು ಬದುಕಿದವರು ಎಷ್ಟು ಜನವೋ.

'ಸಹಜ'ವೂ ಬೇಡ. 'ತಪ್ಪಾಗೋದು ಸಹಜ ಬಿಡಿ' ಅಂತೀವಿ ಅಲ್ವಾ? 'ನಿಸರ್ಗನೀತಿ' ಹಾಕಿ. ನಿಸರ್ಗ ಅಂದರೆ ಇರುವುದು, ನೀತಿ ಅಂದರೆ ಇರಬೇಕಾದ್ದು. ಜಗಳ ಹೆಸರಲ್ಲೇ ಕಾಣುತ್ತದೆ.

ಮೈಸೂರಿನಿಂದ:
ಎರಡೂ ಎರವಲು. ಹೀಗೇ ಮಾಡಿ ಮಾಡಿ ಕನ್ನಡದಲ್ಲಿ ಪದ ಕಟ್ಟೋದನ್ನೇ ಮರೆತಿದ್ದೇವೆ. ನೀತಿಗೆ 'ನಡೆ' ಸಾಕು.

ಮಡಿಕೇರಿಯಿಂದ:
ಸಾಲದು. ಕಳ್ಳನಿಗೂ ಒಂದು ನಡೆ ಇರುತ್ತದೆ. ಕಾನೂನು ಅರಬ್ಬಿಯಿಂದ ಬಂತು, ಅರಬ್ಬಿಗೆ ಗ್ರೀಕಿನಿಂದ. ಶುಕ್ರವಾರದ ಸಂತೆಯಲ್ಲಿ ಅದನ್ನು ಯಾರೂ ಪರಭಾಷೆ ಅನ್ನುವುದಿಲ್ಲ. ಅಜ್ಜಿಯರು ನೀತಿಕತೆ ಹೇಳಿದ್ದೂ ಕನ್ನಡದಲ್ಲೇ.

ವಿರಾಜಪೇಟೆಯವರೇ, ಸ್ವಂತ ನೀತಿಯ ಭಾಗಕ್ಕೆ ಮನಶ್ಶಾಸ್ತ್ರಜ್ಞ ಪಿಯಾಜೆ ಮಕ್ಕಳ ಗೋಲಿಯಾಟ ನೋಡಿ ಬರೆದದ್ದನ್ನು ಸೇರಿಸಿ, 1932ರ ಪುಸ್ತಕ. ಆಟದ ನಿಯಮ ದೊಡ್ಡವರು ಕೊಟ್ಟದ್ದು, ಬದಲಾಯಿಸಬಾರದು ಅಂತ ಚಿಕ್ಕವರು ನಂಬಿದ್ದರು. ಸ್ವಲ್ಪ ದೊಡ್ಡ ಮಕ್ಕಳು, ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು ಅಂದರು. ಓರಗೆಯವರ ಜೊತೆ ಆಡಿ, ಜಗಳ ಮಾಡಿ, ರಾಜಿಯಾಗಿ ಕಲಿತದ್ದು ಅದು. ಯಾರೂ ಉಪದೇಶ ಮಾಡಿ ಕಲಿಸಿದ್ದಲ್ಲ.

ವಿರಾಜಪೇಟೆಯಿಂದ:
'ನಿಸರ್ಗನೀತಿಯೋ, ಸ್ವಂತ ನೀತಿಯೋ?' ಅಂತ ಕಳಿಸಿದೆ. ಮೊದಲನೆಯದು ಕೂಡಿಸಿ, ಎರಡನೆಯದು ಬಿಡಿಸಿ ಯಾಕೆ ಅಂತ ಅಂಗಡಿಯವರು ಕೇಳುತ್ತಿದ್ದಾರೆ. ಎರಡನ್ನೂ ಕೂಡಿಸಲಾ? ಬೇಗ ಹೇಳಿ.